ನನ್ನ ಹೆಗಲು ಹಿಡಿದು ಇಳಿಯುತ್ತಿದ್ದವನು

ಅವನ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಅವನ ಹೆಂಡತಿ ಕೇಳಿದ್ದಾರೆ. ಮುಂಬಯಿಯ ಮಾಟುಂಗದಲ್ಲಿ ನಮ್ಮ ಕನ್ನಡದವರ ಸಂಘ ವರ್ಷಕ್ಕೊಮ್ಮೆ ಒಂದು ಸಂಚಿಕೆ ತರುತ್ತದೆ. ಆ ವರ್ಷ ತೀರಿಕೊಂಡ ಸದಸ್ಯರಿಗೆಂದು ಅದರಲ್ಲಿ ಕೊನೆಯ ಕೆಲವು ಪುಟ ಇಟ್ಟಿರುತ್ತಾರೆ. "ನೀವೇ ಬರೀಬೇಕು ಅಣ್ಣಾರ. ನಿಮ್ಮಷ್ಟು ಅವರನ್ನ ಯಾರೂ ಕಂಡಿಲ್ಲ," ಎಂದರು. ಒಂದೇ ಷರತ್ತು, ಹೆಸರು ಹಾಕಬಾರದು. ಅವನಿಗೆ ಹೆಸರು ಹಾಕಿಸಿಕೊಳ್ಳುವುದು ಸೇರುತ್ತಿರಲಿಲ್ಲ. "ಚಾದರದ ಮ್ಯಾಲೆ ಮಲಗಾವರು ಅದನ್ನ ಬರದವನ ಹೆಸರು ಕೇಳತಾರೇನು?" ಎನ್ನುತ್ತಿದ್ದ.

ನಾನು ಮ್ಯಾಟ್ರಿಕ್ ಓದಿದವನು. ಬರೆದು ಅಭ್ಯಾಸವಿಲ್ಲ. ಮೂರು ಸಲ ಬರೆದು ಹರಿದು ಹಾಕಿದ್ದೇನೆ. ಮೂರು ಸಲವೂ ಅವನು ದೇವರಂಥ ಮನುಷ್ಯನಾಗಿ, ನಾನು ಅವನ ಜೀವದ ಗೆಳೆಯನಾಗಿ ಲೇಖನ ಮುಗಿಯಿತು. ಮೊದಲನೆಯ ಮಾತು ಅರ್ಧ ನಿಜ. ಎರಡನೆಯ ಮಾತು ಪೂರ್ತಿ ಸುಳ್ಳು. ಇದು ನಾಲ್ಕನೆಯ ಸಲ.

ಅವನು ವಿಜಯಪುರದ ಕಡೆಯವನು, ನಾನು ಧಾರವಾಡದ ಕಡೆಯವನು. ದಾದರಿನ ಒಂದು ಸಣ್ಣ ಕಂಪನಿಯಲ್ಲಿ ಚಾದರ ಮತ್ತು ಪರದೆ ಬಟ್ಟೆಗಳಿಗೆ ಡಿಸೈನ್ ಬರೆಯುವುದು ನಮ್ಮ ಕೆಲಸ. ಇಪ್ಪತ್ತಾರು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತೆವು. ಮನೆ ಇಬ್ಬರದೂ ಘಾಟ್ಕೋಪರ್. ಅವನು ಕುಳ್ಳ ಆಳು, ದಪ್ಪ ಕತ್ತು, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್. ಆ ಪೆನ್ಸಿಲ್ ಸಮೇತ ಲೋಕಲ್ ಹತ್ತಿ, ಮನೆಗೆ ಹೋಗಿ, ಉಂಡು, ಮಲಗುವಾಗ ಅದು ದಿಂಬಿನ ಮೇಲೆ ಬಿದ್ದಾಗಲೇ ಅವನಿಗೆ ನೆನಪಾಗುತ್ತಿತ್ತಂತೆ.

ಕಾಗದದ ಮೇಲೆ ಬರೆದ ಒಂದು ಹೂಬಳ್ಳಿ ಬಟ್ಟೆಯ ಮೇಲೆ ಮತ್ತೆ ಮತ್ತೆ ಅಚ್ಚಾಗುತ್ತದೆ. ಕಾಗದದ ಬಲ ಅಂಚು ಎಡ ಅಂಚಿಗೆ, ಕೆಳಗಿನದು ಮೇಲಿನದಕ್ಕೆ ಹೊಂದದಿದ್ದರೆ ಚಾದರದ ಉದ್ದಕ್ಕೂ ಮೊಳಕ್ಕೊಂದು ಗೆರೆ ಎದ್ದು ಕಾಣುತ್ತದೆ. ಅದಕ್ಕೆ ನಾವು ಜಾಯಿಂಟ್ ಅನ್ನುತ್ತಿದ್ದೆವು. ಜಾಯಿಂಟ್ ಕಾಣದಂತೆ ಮಾಡುವುದರಲ್ಲಿ ಅವನನ್ನು ಮೀರಿಸಿದವನನ್ನು ನಾನು ಮುಂಬಯಿಯಲ್ಲಿ ಕಂಡಿಲ್ಲ. ಕಾಗದವನ್ನು ತಲೆಕೆಳಗು ಮಾಡಿ ಗೋಡೆಗೆ ಸಿಕ್ಕಿಸುವನು. ಬೆನ್ನು ತಿರುಗಿಸಿ ಬಾಗಿಲ ತನಕ ನಡೆಯುವನು. ಅಲ್ಲಿಂದ ಗಕ್ಕನೆ ಹಿಂದಿರುಗಿ ನೋಡುವನು. "ಕಳ್ಳ ಹಂಗೇ ಸಿಗತಾನ. ನಾವು ನೋಡೂದಿಲ್ಲ ಅಂತ ಅಂವ ತಿಳಕೊಂಡಿರಬೇಕು."

ಬೇರೆಯವರ ಕಾಗದದಲ್ಲಿ ಜಾಯಿಂಟ್ ಕಂಡರೆ ಬಾಯಿ ಬಿಡುತ್ತಿರಲಿಲ್ಲ. ನಾವು ಚಹಾಕ್ಕೆ ಇಳಿದಾಗ ಆ ಕಾಗದ ಎಳೆದುಕೊಂಡು, ಬಿರುಕು ಕಾಣುವ ಕಡೆ ಎರಡು ಎಲೆ ಬರೆದು, ಇದ್ದಲ್ಲೇ ಇಟ್ಟುಬಿಡುತ್ತಿದ್ದ. ಮೇಲೆ ಬಂದ ನಮಗೆ ನಮ್ಮ ಕೆಲಸ ಇದ್ದಕ್ಕಿದ್ದಂತೆ ಚೆನ್ನಾಗಿ ಕಾಣುತ್ತಿತ್ತು. ನನ್ನವು ಎಷ್ಟು ಮುಚ್ಚಿದನೋ ನನಗೇ ಗೊತ್ತಿಲ್ಲ.

ಐವತ್ತು ದಾಟಿದ ಮೇಲೆ ಅವನ ಎಡಗಣ್ಣು ಹೋಯಿತು. ಹೊರಗಿನಿಂದ ನೋಡಿದರೆ ತಿಳಿಯುತ್ತಿರಲಿಲ್ಲ. ಒಳಗಿನ ನರ ಒಣಗಿದೆ, ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ವಿಷಯ ಗೊತ್ತಿದ್ದದ್ದು ಇಬ್ಬರಿಗೆ, ಅವನ ಹೆಂಡತಿಗೆ ಮತ್ತು ನನಗೆ. ಕಾಗದದ ಕೆಲಸಕ್ಕೆ ಒಂದು ಕಣ್ಣು ಸಾಕಾಗುತ್ತಿತ್ತು. ಕಾಗದ ಚಪ್ಪಟೆ. ತೊಂದರೆ ಬರುತ್ತಿದ್ದದ್ದು ಲೋಕದ ಜೊತೆ. ಯಾವುದು ಎಷ್ಟು ದೂರ, ಎಷ್ಟು ಆಳ ಎಂಬ ಅಂದಾಜು ಹೋಗಿತ್ತು. ಚಹಾ ಬಗ್ಗಿಸುವ ಮುಂಚೆ ಬೆರಳಿನಿಂದ ಲೋಟದ ಅಂಚು ಮುಟ್ಟಿ ನೋಡಿಕೊಳ್ಳುವನು. ಮೆಟ್ಟಿಲನ್ನು ಪಾದದಿಂದ ತಡವುವನು. ಎಲ್ಲಕ್ಕಿಂತ ಕಷ್ಟ ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು. ಹಾಗಾಗಿ ಬೆಳಿಗ್ಗೆ ದಾದರಿನಲ್ಲಿ, ಸಂಜೆ ಘಾಟ್ಕೋಪರಿನಲ್ಲಿ ನಾನು ಮೊದಲು ಇಳಿಯುವುದು, ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ಹಿಂದೆ ಇಳಿಯುವುದು ಎಂದಾಯಿತು. ಹಿಂದಿನವರು "ಚಲಾ ಕಾಕಾ, ಲವಕರ್," ಎಂದು ಅವಸರಿಸಿ ನೂಕುತ್ತಿದ್ದರೆ ಆ ಕೈ ನನ್ನ ಹೆಗಲನ್ನು ಬಿಗಿಯಾಗಿ ಹಿಡಿಯುತ್ತಿತ್ತು. ದಿನಕ್ಕೆ ಎರಡು ಸಲ, ಆರು ವರ್ಷ.

ಇನ್ನು ಆ ಪ್ರವಾಸದ ಮಾತಿಗೆ ಬರುತ್ತೇನೆ. ಹತ್ತು ಹನ್ನೆರಡು ವರ್ಷವಾಯಿತು. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಯಾರ ಮೇಲೆ ಉರಿಯುತ್ತದೆ ಎಂಬುದು ಮೊದಮೊದಲು ಗೊತ್ತಾಗುತ್ತಿರಲಿಲ್ಲ.

ನಮ್ಮ ಸೇಠರ ಮಗಳು ಡಿಸೈನ್ ಕಾಲೇಜು ಮುಗಿಸಿ ಬಂದು ಕಂಪನಿ ನೋಡಿಕೊಳ್ಳತೊಡಗಿದ್ದಳು. ಕೆಟ್ಟ ಹುಡುಗಿಯಲ್ಲ. ಆಗಲೇ ಅರ್ಧ ಕೆಲಸ ಕಂಪ್ಯೂಟರಿಗೆ ಹೋಗಿತ್ತು. ಕೈಯಲ್ಲಿ ಬರೆಯುವವರು ನಾವು ನಾಲ್ವರು ಮುದುಕರು ಉಳಿದಿದ್ದೆವು. ಒಂದು ಸಂಜೆ ಎಲ್ಲರನ್ನೂ ನಿಲ್ಲಿಸಿ ಹೇಳಿದಳು. ಹಳೆಯ ಮೇಜು ಮುಚ್ಚುತ್ತದೆ, ಹೊಸ ಟೀಮು ಬರುತ್ತದೆ, ನಾಲ್ವರಲ್ಲಿ ಇಬ್ಬರಿಗೆ ಅದರಲ್ಲಿ ಜಾಗ. ಯಾರಿಗೆ ಎಂಬುದು ಪ್ರವಾಸದಲ್ಲಿ ತೀರ್ಮಾನ. ಠಾಣೆಯ ಆಚೆ ಗುಡ್ಡದ ಬುಡದಲ್ಲಿ ಒಂದು ಸಾಹಸದ ಕ್ಯಾಂಪು ಇದೆ. ಬೆಳಿಗ್ಗೆ ಅಲ್ಲಿನ ಹಳೆಯ ಕಲ್ಲಿನ ಕೊಳ ನೋಡಿ ಡಿಸೈನ್ ಬರೆಯಬೇಕು, ಮಧ್ಯಾಹ್ನ ಧೈರ್ಯದ ಪರೀಕ್ಷೆ. ಎರಡಕ್ಕೂ ಸಮಸಮ ಅಂಕ.

"ಕಾಕಾ, ಇನ್‌ಸ್ಪಿರೇಶನ್ ಆಫೀಸ್ ಮೇ ಬೈಠ್ ಕೇ ನಹೀ ಮಿಲ್ತಾ. ಬಾಹರ್ ನಿಕಲ್ನಾ ಪಡ್ತಾ ಹೈ," ಎಂದಳು. ಹೊಳೆಯಬೇಕಾದರೆ ಆಫೀಸು ಬಿಟ್ಟು ಹೊರಗೆ ಬೀಳಬೇಕಂತೆ.

ಅವನು ನನ್ನ ಕಿವಿಯಲ್ಲಿ ಹೇಳಿದ. "ದಿನಾ ಮುಂಜಾನೆ ಎಂಟರ ಗಾಡಿಗೆ ಜೋತು ಬಿದ್ದು ಬಾಹರ್ ನಿಕಲತೇವಲ್ಲ, ಅದು ಸಾಲದಂತ ನೋಡು."

ನಾನು ನಕ್ಕೆ. ಆದರೆ ಮನೆಗೆ ಹೋಗುವ ಗಾಡಿಯಲ್ಲಿ, ಕುರ್ಲಾ ಬಂದಾಗ, ಹೇಳಿದ. "ಈ ಮೇಜು ಬಿಟ್ರ ನನಗ ಬ್ಯಾರೆ ಮೇಜಿಲ್ಲಪಾ. ಹೊಸಾ ಕಡೆ ಹೋದ್ರ ಮೊದಲನೇ ದಿನಾನೇ ಕಣ್ಣು ಗೊತ್ತಾಗತೈತಿ." ಅವನ ಪಾಲಿಗೆ ಆ ಪ್ರವಾಸವೆಂದರೆ ಅಷ್ಟು. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ.

ಹೋಗುವ ದಿನ ಎಲ್ಲರಿಗೂ ಹಳದಿ ಟೀ ಶರ್ಟು ಕೊಟ್ಟರು. ಅವನ ಹೊಟ್ಟೆಯ ಮೇಲೆ ಬರೆದಿದ್ದ ಇಂಗ್ಲಿಷ್ ಮಾತು ಅಡ್ಡಡ್ಡ ಹಿಗ್ಗಿತ್ತು. ಲೇಸು ಕಟ್ಟುವ ಬೂಟು ಹಾಕಿಕೊಂಡು ಬರಬೇಕೆಂದು ಹೇಳಿದ್ದರು. ನನಗಾಗ ಕಾಲು ಬಾತುಕೊಳ್ಳುತ್ತಿತ್ತು. ಹಾಗಾಗಿ ಪಟ್ಟಿ ಅಂಟಿಸುವ ಚಪ್ಪಲಿಯಲ್ಲೇ ಹೋಗಿದ್ದೆ. ಅದಕ್ಕೆ ಅವನು ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನನ್ನು ಕಾಡಿದ. "ಇಂವ ಹಾರಿದ್ರ ಇವನಕಿಂತ ಮೊದಲ ಚಪ್ಪಲಿ ಹೋಗಿ ಆ ಕಡೆ ನಿಂತಿರತಾವ."

ಆಮೇಲೆ, ಜೊತೆಗೆ ಬಂದಿದ್ದ ಕಂಪ್ಯೂಟರ್ ಕೆಲಸದ ಹುಡುಗರು ಅಂತ್ಯಾಕ್ಷರಿಯ ಗದ್ದಲದಲ್ಲಿದ್ದಾಗ, ದನಿ ಇಳಿಸಿ ಕೇಳಿದ. "ನೋಡು, ಹಾರೂದು ಗೀರೂದು ಇದ್ರ ನೀ ಮುಂದ ಹೋಗು. ಆ ಕಡೆ ನಿಂತು ಹೆಗಲು ಕೊಡು. ದಾದರದಾಗ ಇಳದಂಗ ಇಳೀತೇನಿ."

"ಆತಪಾ," ಎಂದೆ.

ಕೊಳದ ಹತ್ತಿರ ಮೊದಲು ಒಂದು ಗುಂಪು ಫೋಟೋ ಆಯಿತು. ಆಮೇಲೆ ಎಲ್ಲರೂ ಬರೆಯಲು ಕೂತೆವು. ಮೆಟ್ಟಿಲಿನ ಬದಿಗೆ ಆನೆ, ಕಮಲ, ನರ್ತಕಿಯರ ಕೆತ್ತನೆಗಳಿದ್ದವು. ನಾವೆಲ್ಲ ಅವನ್ನೇ ಬರೆದೆವು. ಅವನು ಮಾತ್ರ ಆನೆಗಳಿಗೆ ಬೆನ್ನು ಹಾಕಿ ನೆಲಕ್ಕೆ ಮೂಗು ತಾಗಿಸಿಕೊಂಡು ಕೂತಿದ್ದ. ಕಲ್ಲುಗಳ ಸಂದಿನಲ್ಲಿ ಬೆಳೆದಿದ್ದ ಪಾಚಿಯನ್ನು ಬರೆಯುತ್ತಿದ್ದ. ಕಲ್ಲು ಬರೆದಿರಲಿಲ್ಲ, ಸಂದು ಮಾತ್ರ. ಸಂದುಗಳೇ ಒಂದಕ್ಕೊಂದು ಕೈಹಿಡಿದು ಬಳ್ಳಿಯ ಹಾಗೆ ಕಾಗದದ ತುಂಬ ಹರಡಿದ್ದವು. ಸೇಠರ ಮಗಳು ಅದನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು. "ಕಾಕಾ, ಇಸಮೇ ರಿಪೀಟ್ ಕಹಾಂ ಹೈ?" ಎಂದು ಜಾಯಿಂಟ್ ಎಲ್ಲಿ ಬರುತ್ತದೆಂದು ಕೇಳಿದಳು.

"ಆಪ್ ಢೂಂಢೋ ಬೇಟಿ," ಎಂದ. ಅವಳು ಹುಡುಕಿದಳು, ಸಿಗಲಿಲ್ಲ. ಬೆಳಗಿನ ಅಂಕದಲ್ಲಿ ಅವನೇ ಮೊದಲು.

ಮಧ್ಯಾಹ್ನ ಮೂರು ಪರೀಕ್ಷೆ. ಮೊದಲನೆಯದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮರದ ದಿಮ್ಮಿಗಳ ಮೇಲೆ ನಡೆಯುವುದು. ಕಂಪ್ಯೂಟರ್ ಹುಡುಗರೆಲ್ಲ ಧಪಧಪ ಬಿದ್ದರು. ಅವನು ಪಾದದಿಂದ ತಡವುತ್ತ, ದಾದರಿನ ಮೆಟ್ಟಿಲಿಳಿಯುವವನ ಹಾಗೆ, ಒಂದು ಸಲವೂ ತಪ್ಪದೆ ಆ ತುದಿ ಮುಟ್ಟಿದ. ಎಲ್ಲರೂ ಸಿಳ್ಳೆ ಹೊಡೆದರು. ಬಟ್ಟೆ ಬಿಚ್ಚಿದ ಮೇಲೆ ನನ್ನ ಕಡೆ ನೋಡಿ ಹುಬ್ಬು ಕುಣಿಸಿದ. ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ತಮಾಷೆ ಅದು. ಎರಡನೆಯದು ಹಗ್ಗದ ಬಲೆ ಹತ್ತುವುದು. ಏದುಸಿರು ಬಿಡುತ್ತ ಅದನ್ನೂ ಹತ್ತಿದ.

ಮೂರನೆಯದು ಎರಡು ಬಂಡೆಗಳ ನಡುವಿನ ಸಂದು ಹಾರುವುದು. ಎರಡೂವರೆ ಅಡಿ ಇದ್ದೀತು. ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ, ಬಿದ್ದರೂ ಏನೂ ಆಗುವುದಿಲ್ಲ. ಆದರೆ ಕೆಳಗೆ ನೋಡಿದರೆ ಒಂದು ಮಾಳಿಗೆಯಷ್ಟು ಆಳ, ತಳದಲ್ಲಿ ಕಪ್ಪು ನೀರು. ಹನ್ನೆರಡು ಜನರಲ್ಲಿ ನನ್ನದು ಹನ್ನೊಂದನೆಯ ಸರದಿ, ಅವನದು ಕೊನೆಯದು. ಹತ್ತು ಜನ ಹಾರಿ ಆ ಕಡೆ ನಿಂತು ಕೇಕೆ ಹಾಕುತ್ತಿದ್ದರು. ಈ ಕಡೆ ಉಳಿದವರು ನಾನು, ಅವನು, ಹಗ್ಗ ಹಿಡಿದ ಕ್ಯಾಂಪಿನ ತರಬೇತುದಾರ.

ನನ್ನ ಹೆಸರು ಕೂಗಿದರು. ಅಂಚಿಗೆ ಹೋದೆ. ಕೆಳಗೆ ನೋಡಿದೆ. ಒಂದು ಹೆಜ್ಜೆ ಹಿಂದಕ್ಕೆ ಬಂದೆ.

ಎರಡೂ ಕಣ್ಣಿದ್ದವನು ನಾನು. ದಿನಾ ಅವನಿಗೆ ಸಂದು ದಾಟಿಸುತ್ತಿದ್ದವನು ನಾನು. ಚಪ್ಪಲಿಯೊಳಗೆ ಹರಳು ಹೊಕ್ಕವರ ಹಾಗೆ ಬಗ್ಗಿದೆ. ಪಟ್ಟಿ ಬಿಚ್ಚಿ ಒದರಿದೆ. ಒಳಗೆ ಏನೂ ಇರಲಿಲ್ಲ. ತಲೆ ಎತ್ತದೆ, "ನೀ ಹೋಗು. ನೀ ಮೊದಲ ಹೋಗು," ಎಂದೆ.

ಅವನು ನನ್ನನ್ನು ದಾಟಿ ಅಂಚಿಗೆ ಹೋದ. ಹಗ್ಗ ಕಟ್ಟಿಸಿಕೊಂಡ. ಪಾದ ಮುಂದೆ ಚಾಚಿ ತಡವಿದ, ಗಾಳಿ ಸಿಕ್ಕಿತು. ಹಿಂದಕ್ಕೆಳೆದುಕೊಂಡ. ಮತ್ತೆ ಚಾಚಿದ. ಆ ಕಡೆಯಿಂದ ಹುಡುಗರು, "ಕಾಕಾ, ಕೂದೋ! ದೋ ಫೂಟ್ ಹೈ!" ಎಂದು ಕೂಗಿದರು. ಅವನು ತಿರುಗಿ ನನ್ನನ್ನು ನೋಡಿದ. ಬೇಡಿಕೊಳ್ಳುವ ನೋಟವಲ್ಲ ಅದು. ಗಾಡಿ ನಿಂತ ಮೇಲೂ ನಾನು ಇಳಿಯದಿದ್ದರೆ ಹೇಗೆ ನೋಡುತ್ತಿದ್ದನೋ ಹಾಗೆ, ನಡಿ ಎನ್ನುವ ಹಾಗೆ.

ಅವನು ಹಾಗೆ ನೋಡುತ್ತಿದ್ದಂತೆ ಆ ಕಡೆಯ ಹತ್ತು ಜನರೂ ನನ್ನ ಕಡೆ ನೋಡತೊಡಗಿದರು. ಎಲ್ಲಿ ನನ್ನನ್ನು ಕರೆಯುತ್ತಾರೋ ಎಂದು ಹೆದರಿದೆ. ಆಗ ಕೂಗಿ ಹೇಳಿದೆ, ಎಲ್ಲರಿಗೂ ಅರ್ಥವಾಗಲೆಂದು ಹಿಂದಿಯಲ್ಲಿ. "ಅರೇ ಯೇ ಕ್ಯಾ ಕೂದೇಗಾ! ದಾದರ್ ಮೇ ಗಾಡೀ ಸೇ ಉತರನೇ ಕೋ ಭೀ ಮೇರಾ ಕಂಧಾ ಪಕಡ್ತಾ ಹೈ!" ಗಾಡಿಯಿಂದ ಇಳಿಯಲೂ ನನ್ನ ಹೆಗಲು ಹಿಡಿಯುವವನು ಏನು ಹಾರಿಯಾನು ಎಂದು.

ಅಂಥ ನಗು ನಾನು ಕೇಳಿಲ್ಲ. ಆ ಬಂಡೆಯಿಂದ ಈ ಬಂಡೆಗೆ ಬಡಿದು ಮತ್ತೆ ಮತ್ತೆ ಬಂತು. ಸೇಠರ ಮಗಳೂ ನಕ್ಕಳು. ಅವನೂ ಸ್ವಲ್ಪ ನಕ್ಕ. ಹಗ್ಗ ತಾನೇ ಬಿಚ್ಚಿ ತರಬೇತುದಾರನ ಕೈಗೆ ಕೊಟ್ಟ. ನಗುತ್ತಲೇ ಎಲ್ಲರೂ ಆ ಕಡೆಯ ದಾರಿಯಿಂದ ಬಸ್ಸಿನತ್ತ ಇಳಿಯತೊಡಗಿದರು. ತರಬೇತುದಾರ ಗಡಿಯಾರ ನೋಡಿ ಹಗ್ಗ ಸುತ್ತಿದ. ಇನ್ನೊಬ್ಬನ ಸರದಿ ಉಳಿದಿದೆ ಎಂಬುದು ಒಬ್ಬರಿಗೂ ನೆನಪಾಗಲಿಲ್ಲ. ನಾನು ನೆನಪಿಸಲಿಲ್ಲ.

ಬಸ್ಸಿನಲ್ಲಿ, ಸಂದು ಹಾರಿದವರಿಗೆಲ್ಲ ಎಂದು ಸರ್ಟಿಫಿಕೇಟು ಹಂಚಿದರು. ನನ್ನ ಹೆಸರು ಕೂಗಿದರು, ಚಪ್ಪಾಳೆ ಬಿತ್ತು, ಎದ್ದು ಹೋಗಿ ತಗೊಂಡು ಬಂದೆ. ಅವನಿಗೆ ಕೊಡಲಿಲ್ಲ. ನನ್ನದನ್ನು ಕೈಗೆ ತಗೊಂಡು, ಅಂಚಿನ ಮೇಲೆ ಬೆರಳಾಡಿಸಿ, "ಲ್ಯಾಮಿನೇಶನ್ ಚಲೋ ಆಗೇತಿ," ಎಂದು ವಾಪಸು ಕೊಟ್ಟ.

ಹೊಸ ಟೀಮಿನಲ್ಲಿ ನನಗೆ ಜಾಗ ಸಿಕ್ಕಿತು. ಅವನಿಗೆ ಸಿಗಲಿಲ್ಲ. ರಿಸ್ಕ್ ತೆಗೆದುಕೊಳ್ಳುವವರು ಬೇಕು ಎಂದಳು ಆ ಹುಡುಗಿ. ಸ್ವಲ್ಪ ದಿನ ಮೂಲೆಯಲ್ಲಿ ಕೂತು ಬಿಡಿ ಕೆಲಸ ಮಾಡಿಕೊಡಲಿ ಎಂದಾಯಿತು. ಆ ದಿನಗಳಲ್ಲಿ ಅವನು ಮೆಟ್ಟಿಲ ಹತ್ತಿರ ಬಂದರೆ ಸಾಕು, ಹುಡುಗರು ಹೆಗಲು ಬಗ್ಗಿಸಿ, "ಕಾಕಾ, ಕಂಧಾ ದೂಂ?" ಎನ್ನುವರು. ಅವರಿಗೆ ಆ ಮಾತು ಕಲಿಸಿದವನು ಎದುರಿನ ಹೊಸ ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ನೋಡುತ್ತಿದ್ದ. ಮೂರು ತಿಂಗಳಿಗೆ ಅವನು ಬಿಟ್ಟ. ಮತ್ತೆ ಯಾವ ಕಂಪನಿಗೂ ಹೋಗಲಿಲ್ಲ. ಮನೆಯಲ್ಲೇ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದ.

ಬಿಡುವವರೆಗೂ ಅವನು ದಾದರಿನಲ್ಲಿ ಇಳಿದದ್ದು ನನ್ನ ಹೆಗಲು ಹಿಡಿದೇ. ಪ್ರವಾಸದ ಮರುದಿನ ಬೆಳಿಗ್ಗೆ ಗಾಡಿ ನಿಂತಾಗ ಆ ಕೈ ಎಂದಿನಂತೆ ಬಂದು ಕೂತಿತು. ನನಗೆ ಅದು ಬೇಕಾಗಿರಲಿಲ್ಲ. ಅವನು ಬಯ್ಯಬೇಕಿತ್ತು. ಕಾಲರ್ ಹಿಡಿಯಬೇಕಿತ್ತು. ಬೇರೆ ಡಬ್ಬಿ ಹತ್ತಬೇಕಿತ್ತು. ಒಂದೂ ಮಾಡಲಿಲ್ಲ. ಒಂದು ಭಾನುವಾರ ಮಾಟುಂಗದ ಹೋಟೆಲಿನಲ್ಲಿ ಧೈರ್ಯ ಮಾಡಿ, "ಅವತ್ತಿಂದು ಏನಾತಂದ್ರ..." ಎಂದು ಶುರು ಮಾಡಿದೆ. "ಇಡ್ಲಿ ತಣ್ಣಗಾಗತಾವ," ಎಂದ. ಇನ್ನೊಂದು ಸಲ ಅವನ ಮನೆಯಲ್ಲೇ ಬಾಯಿ ತೆರೆದೆ. "ಏ ಇಂವಗ ಚಹಾ ತಾ," ಎಂದು ಒಳಗೆ ಕೂಗಿದ. ಕ್ಷಮೆ ಕೇಳುವುದಕ್ಕೂ ಎದುರಿನವನು ಸ್ವಲ್ಪ ಜಾಗ ಬಿಡಬೇಕಲ್ಲ. ಅವನು ಬಿಡಲೇ ಇಲ್ಲ. ನನಗೆ ಅವನ ಮೇಲೆಯೇ ಸಿಟ್ಟು ಬರುತ್ತಿತ್ತು. ಇಂಥ ಸಿಟ್ಟು ಎಷ್ಟು ನಾಚಿಕೆಗೇಡು ಎಂಬುದೂ ಗೊತ್ತಿತ್ತು, ಆದರೂ ಬರುತ್ತಿತ್ತು.

ಹೋದ ತಿಂಗಳು ಅವನು ತೀರಿಕೊಂಡ. ದಿನಕರ್ಮಗಳೆಲ್ಲ ಮುಗಿದ ಮೇಲೆ ವೈನಿಯನ್ನು, ಅವನ ಹೆಂಡತಿಯನ್ನು, ಮಾತಾಡಿಸಲು ಹೋದೆ. ವೈನಿ ಮಂಚದ ಮೇಲೆ ಕೂರಿಸಿದರು. ಮಂಚಕ್ಕೆ ಹಾಸಿದ್ದದ್ದು ಆ ಪಾಚಿಯ ಡಿಸೈನಿನ ಚಾದರ. ಕಂಪನಿ ಅದನ್ನು ಅಚ್ಚು ಹಾಕಿಸಿ ಬಹಳ ವರ್ಷ ಮಾರಿತು. ಅವನು ಬಿಟ್ಟ ಮೇಲೆ ಅದನ್ನು ಅಚ್ಚಿಗೆ ಹೊಂದಿಸಿದವನು ನಾನು. ಅಗಲ ಹೆಚ್ಚಿಸಲು ಹೋಗಿ ಒಂದು ಕಡೆ ಜಾಯಿಂಟ್ ಬಿಟ್ಟುಬಿಟ್ಟಿದ್ದೆ. ಕೂತಲ್ಲೇ ಅದನ್ನು ಹುಡುಕಿದೆ. ಸಿಕ್ಕಿತು. ಆ ಗೆರೆಯ ಉದ್ದಕ್ಕೂ, ಬಟ್ಟೆಗೆ ಬರೆಯುವ ಪೆನ್ನಿನಿಂದ, ಸಣ್ಣ ಸಣ್ಣ ಎಲೆ ಬರೆದಿದ್ದ. ಎರಡೆರಡು.

ವೈನಿ ಅಳುತ್ತ ಹೇಳಿದರು. "ನಿಮ್ಮ ಉಪಕಾರ ಅವರು ಸಾಯೂತನಕಾ ನೆನಸಿದ್ರು ಅಣ್ಣಾರ. ಕಣ್ಣಿನ ಸುದ್ದಿ ಹೊರಗ ಬೀಳತಿತ್ತಂತ. ನೀವು ನಗಚಾಟಿಗಿ ಮಾಡಿ ಎಲ್ಲಾರ ಲಕ್ಷ್ಯ ತಿರಗಿಸಿದ್ರಂತ. ಅಂಜುಬುರುಕ ಅಂದ್ರ ಅಂದ್ಕೋಳ್ಳಿ, ಕುರುಡ ಅನ್ನಬಾರದು ಅಂತಿದ್ರು."

"ವೈನಿ, ಹಂಗಲ್ಲ ಅದು. ನಾ ಮುಂದ ಹೋಗಬೇಕಾಗಿತ್ತು..."

"ಅದೂ ಹೇಳ್ಯಾರ. ಬೂಟಿನ ಲೇಸ್ ಬಿಚ್ಚಿತ್ತಂತಲ್ಲ ನಿಮ್ಮದು? ಬಿಚ್ಚಿದ ಲೇಸಿನ್ಯಾಗ ಹಾರಿದ್ರ ಎಡವಿ ಬೀಳತೀ, ನಿಂದ್ರು ಅಂತ ಅವರೇ ಹೇಳಿದ್ರಂತ."

ಚಹಾ ಕುಡಿದು ಎದ್ದು ಬಂದೆ.

ದಾರಿಯಲ್ಲಿ ಎಲ್ಲವೂ ತಿಳಿಯಿತು. ನನ್ನ ಚಪ್ಪಲಿಯ ಬಗ್ಗೆ ದಾರಿಯುದ್ದಕ್ಕೂ ನಕ್ಕವನು ಅವನೇ. ನನ್ನ ಕಾಲಿನಲ್ಲಿ ಲೇಸು ಇರಲಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹರಳೂ ಇರಲಿಲ್ಲ ಎಂಬುದನ್ನು ಆ ಒಂದು ಕಣ್ಣಿನಲ್ಲೇ ಕಂಡಿದ್ದ. ಜಾಯಿಂಟ್ ಅವನಿಗೆ ಕಂಡಿತ್ತು. ಮನೆಗೆ ಬಂದು ಹೆಂಡತಿಯ ಮುಂದೆ ಅದರ ಮೇಲೆ ಎರಡು ಎಲೆ ಬರೆದು ಮುಚ್ಚಿದ. ಅವನ ಮೇಜು ಹೋಗಿತ್ತು, ಹೆಸರು ಹೋಗಿತ್ತು, ಆದರೂ ತನ್ನ ಮನೆಯೊಳಗೆ ನನ್ನ ಹೆಸರು ಕೆಡಬಾರದೆಂದು ಸುಳ್ಳು ಹೇಳಿದ.

ನಿಜ ಹೇಳಲೆಂದೇ ಎರಡನೆಯ ಸಲ ಹೋದೆ. ಅಕ್ಕಪಕ್ಕದವರು ಕೂತಿದ್ದರು. ವೈನಿ ಎದ್ದು ನಿಂತು, "ಇವರೇ ನೋಡ್ರಿ, ಅವರ ಮಾನ ಕಾಯ್ದವರು," ಎಂದು ನನ್ನನ್ನು ಪರಿಚಯಿಸಿದರು. ಅವತ್ತೂ ಚಹಾ ಕುಡಿದೆ. ಈ ಲೇಖನ ಕೇಳಿದ್ದು ಆಗಲೇ.

ಆ ಸರ್ಟಿಫಿಕೇಟು ಇಷ್ಟು ವರ್ಷ ನನ್ನ ಮನೆಯ ಗೋಡೆಯ ಮೇಲಿತ್ತು. ಮೊನ್ನೆ ಇಳಿಸಿದೆ. ಮೊಳೆ ಹಾಗೇ ಇದೆ.

ಇದನ್ನು ವೈನಿ ತಾವೇ ಓದುವುದಿಲ್ಲ, ಅವರ ಕಣ್ಣೂ ಮಂದವಾಗಿದೆ. ಮೊಮ್ಮಗಳು ಓದಿ ಹೇಳುತ್ತಾಳೆ. ಅವಳಿಗೆ ಕನ್ನಡ ತಡವರಿಸುತ್ತದೆ, ಅದಕ್ಕೇ ಆದಷ್ಟು ಸಣ್ಣ ವಾಕ್ಯಗಳಲ್ಲಿ ಬರೆದಿದ್ದೇನೆ. ಇಲ್ಲಿಗೆ ಬಂದ ಮೇಲೆ ಓದುವುದು ಸ್ವಲ್ಪ ನಿಲ್ಲಿಸವ್ವಾ. ಎದ್ದು ಹೋಗಿ ಶೋಕೇಸಿನಲ್ಲಿರುವ ಆ ಗುಂಪು ಫೋಟೋ ತಂದು ಅಜ್ಜಿಯ ಕೈಗೆ ಕೊಡು, ಹಳದಿ ಶರ್ಟಿನವರದು. ಮುಂದಿನ ಸಾಲಿನಲ್ಲಿ ಕಿವಿಗೆ ಪೆನ್ಸಿಲ್ ಇಟ್ಟುಕೊಂಡು ಕಾಲು ಚಾಚಿ ಕೂತವನು ನಿನ್ನ ಅಜ್ಜ. ಅವನ ಪಕ್ಕದಲ್ಲಿ ಕೂತವನು ನಾನು.

ನನ್ನ ಕಾಲು ನೋಡಿ, ವೈನಿ. ಲೇಸಿಲ್ಲ.